ಬಂಗಲೆ ಸಾಲಿನ ಸೂಲಗಿತ್ತಿ

ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ ಹುಟ್ಟಿ ಉರ್ದುವಿನಲ್ಲೇ ಸಾಯುತ್ತಿದ್ದ ಕಾಲ ಅದು. ಟಾಂಗಾದ ಗೆಜ್ಜೆ ಕೇಳಿಸಿದರೆ ಯಾರೋ ದೊಡ್ಡವರು ಬಂದರೆಂದು ನಾವು ಮಕ್ಕಳು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆವು. ಲಿಂಗಸುಗೂರಿನ ಬೇಸಿಗೆಗೆ ಆಗ ಬೇರೆಯೇ ವಾಸನೆ ಇತ್ತು. ಬೇವಿನ ಹೂವು, ಕುದುರೆ ಲದ್ದಿ, ಮಧ್ಯಾಹ್ನ ಯಾರದೋ ಮನೆಯಲ್ಲಿ ಸುಡುವ ಸಜ್ಜೆ ರೊಟ್ಟಿ. ಆ ವಾಸನೆ ಬಲ್ಲವರು ಈಗ ಎಷ್ಟು ಜನ ಉಳಿದಿದ್ದೀರೋ ಕಾಣೆ. ಉಳಿದವರಿಗೂ ಉಳಿಯದವರಿಗೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಎರಡು ಊರು ಸೇರಿದ ಊರು. ಕಸಬಾ ಹಳೆಯದು. ಛಾವಣಿ ಬಿಳಿಯರ ಪಲ್ಟನ್ನಿಗಾಗಿ ಎದ್ದದ್ದು. ಪಲ್ಟನ್ನು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹೊರಟುಹೋಗಿತ್ತು, ಛಾವಣಿ ಎಂಬ ಹೆಸರು ಮಾತ್ರ ಉಳಿದಿತ್ತು. ಅದರ ಜೊತೆ ಅವರ ಅಧಿಕಾರಿಗಳು ಇದ್ದ ಬಂಗಲೆಗಳೂ ಉಳಿದಿದ್ದವು. ಒಂದೇ ಸಾಲಿನಲ್ಲಿ ಏಳು. ಆಳೆತ್ತರದ ಜಗಲಿ, ಸುಣ್ಣದ ಕಂಬ, ಕೆಂಪು ಹಂಚು. ನನ್ನ ಕಾಲಕ್ಕೆ ಅವುಗಳಲ್ಲಿ ಪೊಲೀಸ್ ಅಮೀನರು, ಡಾಕ್ಟರು, ಹಟ್ಟಿಯ ಗಣಿಗೆ ಸಾಮಾನು ಕಳಿಸುತ್ತಿದ್ದ ಒಬ್ಬ ಸೇಠ್, ಒಬ್ಬ ವಕೀಲ ರಾಯರು, ಹೀಗೆ ಊರಿನ ಹೊಟ್ಟೆ ತುಂಬಿದವರೆಲ್ಲ ಇದ್ದರು. ಹಿಂದೂ, ಮುಸಲ್ಮಾನ ಎಂಬ ಭೇದ ಆ ಸಾಲಿನಲ್ಲಿ ಇರಲಿಲ್ಲ. ಬಂಗಲೆಯವರು, ಬಂಗಲೆಯವರಲ್ಲದವರು ಎಂಬುದೊಂದೇ ಭೇದ.

ಬಂಗಲೆ ಸಾಲಿನ ಎದುರಿಗೆ ಚಮನ್. ಹೂದೋಟಕ್ಕೆ ನಮ್ಮ ಕಡೆ ಚಮನ್ ಎನ್ನುತ್ತಾರೆ. ನಾಲ್ಕೂ ಕಡೆ ಕಲ್ಲಿನ ಗೋಡೆ, ಒಳಗೆ ಹುಣಸೆ, ಬೇವು, ಸೀತಾಫಲ, ದಾಳಿಂಬೆ. ನಡುವೆ ಗುಂಡನೆಯ ಕಟ್ಟೆ. ಬಿಳಿಯರ ಕಾಲದಲ್ಲಿ ಅದರ ಮೇಲೆ ನಿಂತು ಬ್ಯಾಂಡು ಬಾರಿಸುತ್ತಿದ್ದರಂತೆ. ದಾರಿಯ ಎರಡೂ ಬದಿಗೆ ಕಲ್ಲಿನ ಬೆಂಚುಗಳು. ಚಮನ್ನಿಗೆ ಎರಡು ಗೇಟು. ಮೂಡಣದ್ದು ಬಂಗಲೆಗಳ ಕಡೆ, ಪಡುವಣದ್ದು ನಮ್ಮ ಕೇರಿಯ ಕಡೆ. ಪಡುವಣ ಗೇಟಿನಿಂದ ಹೊಕ್ಕು ಮೂಡಣ ಗೇಟಿನಿಂದ ಹೊರಬಿದ್ದರೆ ಬಂಗಲೆ ಸಾಲಿಗೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಸುತ್ತಿ ಹೋದರೆ ಹಳ್ಳ ಇಳಿದು, ಮಸ್ಕಿಯ ಬಂಡಿದಾರಿ ಹಿಡಿದು, ಬಂಗಲೆಗಳ ಹಿಂದಿನ ಓಣಿಗೆ ಬರಬೇಕು. ಬಾಯೊಳಗಿನ ಎಲೆ ರಸ ಆರಿ ನಾಲಿಗೆ ಒಣಗುತ್ತಿತ್ತು.

ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ದುರುಗವ್ವ, ಆ ಸಾಲಿನ ಸೂಲಗಿತ್ತಿ. ಅಪ್ಪ ಅವ್ವ ಹೊಲದ ಕೆಲಸಕ್ಕೆ ಹೋದರೆ ನಾನು ಆಯಿಯ ಸೆರಗು ಹಿಡಿದು ಅವಳ ಹಿಂದೆ. ನನ್ನ ಹೆಸರು ಹುಲಿಗೆವ್ವ, ಆಯಿಯ ಬಾಯಲ್ಲಿ ಹುಲಿಗಿ. ಆಗ ನನಗೆ ಒಂಬತ್ತು ವರ್ಷ ಇರಬಹುದು. ಆಯಿಯ ಹತ್ತಿರ ಒಂದು ಬಟ್ಟೆಯ ಗಂಟು ಇರುತ್ತಿತ್ತು. ಅದರಲ್ಲಿ ಬಜೆ, ಅಜವಾನ, ಔಡಲೆಣ್ಣೆಯ ಶೀಸೆ, ಬಿಳಿ ನೂಲು. ಈಗಲೂ ಎಲ್ಲಾದರೂ ಅಜವಾನ ಹುರಿದ ವಾಸನೆ ಬಂದರೆ ನಾನು ತಿರುಗಿ ನೋಡುತ್ತೇನೆ.

ಬಂಗಲೆಗಳ ಹೆಣ್ಣುಮಕ್ಕಳು ಗಂಡು ಡಾಕ್ಟರಿಗೆ ಮೈ ತೋರಿಸುತ್ತಿರಲಿಲ್ಲ. ಪರದೆಯೊಳಗಿದ್ದ ಬೇಗಮರಾಗಲಿ, ಮಡಿಯೊಳಗಿದ್ದ ಬಾಯಂದಿರಾಗಲಿ, ನೋವು ಶುರುವಾದರೆ ಎಲ್ಲರ ಬಾಯಲ್ಲೂ ದುರುಗವ್ವನೇ. ಹೆರಿಗೆ ಮುಗಿದ ಮೇಲೆ ಆಯಿ ನಿಂತ ನೆಲಕ್ಕೆ ನೀರು ಹಾಕುತ್ತಿದ್ದರು. ನಾನು ಒಮ್ಮೆ ಕೇಳಿದೆ, "ಆಯಿ, ನೀ ಬಂದ್ಯಲ್ಲ, ಅದಕ್ಯಾಕ ನೆಲ ತೊಳಿತಾರ?"

ಆಯಿ ನಕ್ಕಳು. "ಹಡಿಯೋತನಕ ನಾ ಅವರ ದೇವರವ್ವಾ. ಹಡದ ಮ್ಯಾಲ ಮೈಲಿಗಿ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂತು, ಗಾಳಿ ಬೀಸಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಆ ಸಲೀಸು ನನಗೆ ಇವತ್ತಿಗೂ ಚುಚ್ಚುತ್ತದೆ.

ಪಡುವಣ ಗೇಟು ಆಗೆಲ್ಲ ತೆರೆದೇ ಇರುತ್ತಿತ್ತು. ಕಾವಲುಗಾರ ಕಾಸಿಂಸಾಬ್ ಕೋಲು ಹಿಡಿದು ಕೂತಿರುತ್ತಿದ್ದ, ಆದರೆ ಮಕ್ಕಳನ್ನು ತಡೆಯುತ್ತಿರಲಿಲ್ಲ. ನಾವು ಕೇರಿಯ ಹುಡುಗಿಯರು ಹುಣಸೆಮರದ ಬುಡದಲ್ಲಿ ಗಜಗ ಆಡುತ್ತಿದ್ದೆವು. ಬೂದು ಬಣ್ಣದ ಐದು ಗಜಗದ ಬೀಜ ಮೇಲೆ ಹಾರಿಸಿ ಕೈ ಮಗುಚಿ ಹಿಡಿಯುವ ಆಟ. ಬಿದ್ದ ಹುಣಸೆಕಾಯಿಗೆ ಉಪ್ಪು ಹಚ್ಚಿ ನೆಕ್ಕುತ್ತಿದ್ದೆವು, ಹಲ್ಲು ಜುಮ್ಮೆಂದು ರಾತ್ರಿ ರೊಟ್ಟಿ ಕಡಿಯಲು ಆಗುತ್ತಿರಲಿಲ್ಲ. ಗುರುವಾರ ಸಂಜೆ ಜನಾನಾ. ಅವತ್ತು ಗಂಡಸರಿಗೆ ಚಮನ್ನಿನೊಳಗೆ ಕಾಲಿಡಲು ಅಪ್ಪಣೆ ಇರಲಿಲ್ಲ. ಬಂಗಲೆಗಳ ಹೆಂಗಸರು ಬುರ್ಖಾ ತೆಗೆದು, ಸೆರಗು ಸಡಿಲಿಸಿ, ಬೆಂಚುಗಳ ಮೇಲೆ ಕೂತು ನಗುತ್ತಿದ್ದರು. ನಾವು ನೆಲದ ಮೇಲೆ, ದೂರದಲ್ಲಿ. ಬೆಂಚಿನ ಮೇಲೆ ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಆ ವರ್ಷ ಶಿವರಾತ್ರಿ ಮುಗಿದ ಹೊಸದರಲ್ಲಿ ಪಡುವಣ ಗೇಟಿಗೆ ಕೀಲಿ ಬಿತ್ತು. ಮುಷ್ಟಿಗಾತ್ರದ ಹಿತ್ತಾಳೆಯ ಬೀಗ. ಮೇಲೆ ಉರ್ದುವಿನಲ್ಲಿ ಬರೆದ ಹಲಗೆ. ಆಯಿ ಕಂಬಿಗಳ ಆಚೆ ನಿಂತಿದ್ದ ಕಾಸಿಂಸಾಬನನ್ನು ಕೇಳಿದಳು, "ಏನಂತ ಬರದೈತಿ ಇದರಾಗ?"

ಕಾಸಿಂಸಾಬ್ ಮುಖ ಬೇರೆ ಕಡೆ ಮಾಡಿ ಹೇಳಿದ. "ಬಂಗ್ಲೆ ಮಂದಿ ಬಿಟ್ಟು ಯಾರೂ ಒಳಗ ಬರಬಾರ್ದಂತ. ವಕೀಲ ರಾಯರು ಎಲ್ಲಾರ ರುಜು ಹಾಕಿಸಿ ಮಂಜೂರಿ ತಂದಾರ. ಕೀಲಿಕೈನೂ ಅವರ ಕಡೀನ ಐತಿ."

"ಬಂಗ್ಲೆ ಮಂದಿ ಅಂದ್ರ ಯಾರಲೇ ಕಾಸಿಂ? ಆ ಬಂಗ್ಲೇದಾಗಿನ ಮಕ್ಕಳೆಲ್ಲಾ ಮೊದಲ ಬಂದದ್ದು ನನ್ನ ಕೈಯಾಗ."

"ನಾ ಏನು ಮಾಡ್ಲಿ ದುರುಗವ್ವಾ? ನಾ ಓದಿ ಹೇಳೀನಿ, ಬರದಿಲ್ಲ."

ವಕೀಲ ರಾಯರು ಕೆಟ್ಟವರೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೈದರಾಬಾದಿನಲ್ಲಿ ಓದಿದವರು. ನಿಜಾಮರ ಗಡಿಯಾಚೆಯಿಂದ ಕದ್ದು ಬರುತ್ತಿದ್ದ ಕನ್ನಡ ಪತ್ರಿಕೆಗಳನ್ನು ಬಾಗಿಲು ಹಾಕಿಕೊಂಡು ಓದುತ್ತಿದ್ದರಂತೆ, ದೇಶ ಸ್ವತಂತ್ರವಾಗಬೇಕು ಎನ್ನುತ್ತಿದ್ದರಂತೆ. ದೇಶಕ್ಕೆ ಬೇಕಾದದ್ದು ಎದುರಿನ ಚಮನ್ನಿಗೆ ಬೇಡ ಎಂದು ಅವರಿಗೆ ಹೇಗೆ ಅನಿಸಿತೋ ನನಗೆ ಗೊತ್ತಿಲ್ಲ.

ಗೋಡೆಯ ಒಂದು ಮೂಲೆಯಲ್ಲಿ ಕಲ್ಲು ಕುಸಿದು ನಾಯಿ ನುಸುಳುವಷ್ಟು ಕಿಂಡಿ ಇತ್ತು. ಬೀಗ ಬಿದ್ದ ಎರಡು ವಾರಕ್ಕೆ ನಾನು ಅದರಲ್ಲಿ ನುಸುಳಿದೆ. ಒಳಗೆ ಯಾರೂ ಇರಲಿಲ್ಲ. ಹುಣಸೆಮರದ ಬುಡದಲ್ಲಿ ಒಬ್ಬಳೇ ಗಜಗ ಆಡಿದೆ, ಬೇಸರವಾಯಿತು. ಆಗ ನನಗೆ ಬೆಂಚಿನ ಮೇಲೆ ಕೂತು ನೋಡಬೇಕೆನಿಸಿತು. ಕೂತೆ. ಕಲ್ಲು ತಣ್ಣಗಿತ್ತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲಾಡಿಸುತ್ತ ಎಷ್ಟು ಹೊತ್ತು ಕೂತಿದ್ದೆನೋ.

"ಯಾರ ಮಗಳವ್ವಾ ನೀ?"

ತಿರುಗಿದರೆ ವಕೀಲ ರಾಯರು. ಕೈಯಲ್ಲಿ ಬೆತ್ತ. ನಾನು ಇಳಿದು ನಿಂತೆ. ಆಯಿಯ ಹೆಸರು ಹೇಳಿದೆ. ಅವರು ಬೆತ್ತ ಎತ್ತಲಿಲ್ಲ, ಬೈಯಲಿಲ್ಲ. ಕಾಸಿಂಸಾಬನನ್ನು ಕರೆದು ಒಂದು ಕೊಡ ತರಿಸಿದರು.

"ಬಾವಿಯಿಂದ ಕಾಸಿಂ ನೀರು ಸೇದಿ ಕೊಡ್ತಾನ. ನೀ ಕೂತ ಕಲ್ಲು ನೀನ ತೊಳದು ಹೋಗು. ಇನ್ನೊಮ್ಮೆ ಬರಬ್ಯಾಡ."

ನಾನು ತೊಳೆದೆ. ಒಂದು ಕೊಡ ಸಾಲದೆಂದರು, ಇನ್ನೊಂದು ಸುರಿದೆ. ಕೊಡ ನನ್ನ ಮೊಣಕಾಲಿಗಿಂತ ಎತ್ತರ ಇತ್ತು. ಪರಕಾರ ಒದ್ದೆಯಾಗಿ ಕಾಲಿಗೆ ಅಂಟಿತು. ಮೂಡಣ ಗೇಟಿನ ಹತ್ತಿರ ಡಾಕ್ಟರ ಮಕ್ಕಳು ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಹುಟ್ಟಿದ ದಿನ ನಾನು ಅವರ ಹಿತ್ತಿಲಲ್ಲಿ ಖೀರು ಕುಡಿದಿದ್ದೆ.

ಮನೆಗೆ ಬಂದು ಆಯಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಇಲ್ಲವೇ ನನ್ನನ್ನೇ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಒದ್ದೆ ಪರಕಾರ ಬಿಚ್ಚಿ ಹಿಂಡಿ ಒಣ ಹಾಕಿದಳು. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಕುಸುಬಿ ಎಣ್ಣೆ ಹಾಕಿ ಕೊಟ್ಟಳು. ನಾನು ತಿನ್ನುವುದನ್ನು ನೋಡುತ್ತ ಕೂತಳು.

"ಎಷ್ಟು ಕೊಡ ಹಾಕಿದಿ?"

"ಎರಡು."

"ಹೂಂ," ಅಂದಳು. ಅಷ್ಟೇ. ಆದರೆ ಆ ರಾತ್ರಿಯಿಂದ ಅವಳ ಸಲೀಸು ಹೋಯಿತು.

ಬೇಸಿಗೆ ಏರಿತು. ಆಯಿ ದಿನವೂ ಸುತ್ತಿನ ದಾರಿಯಲ್ಲೇ ಬಂಗಲೆಗಳಿಗೆ ಹೋಗಿ ಬರುತ್ತಿದ್ದಳು. ಅರವತ್ತು ದಾಟಿದ ಮೊಣಕಾಲು, ಕಾದ ನೆಲ, ಬರಿಗಾಲು. ವಕೀಲ ರಾಯರ ಮಗಳು ಶಾರದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನೂ ಆಯಿಯೇ ನೋಡುತ್ತಿದ್ದಳು. ಹದಿನಾರರ ಹುಡುಗಿ, ಸಣ್ಣ ಮೈ. "ಕೂಸು ಇನ್ನೂ ತಿರುಗಿಲ್ಲ," ಎಂದು ಆಯಿ ಒಮ್ಮೆ ಅವ್ವನ ಹತ್ತಿರ ಹೇಳಿದ್ದು ನನಗೆ ನೆನಪಿದೆ.

ಒಂದು ನಡುಮಧ್ಯಾಹ್ನ. ಕಾಗೆ ಕೂಡ ಕೂಗದಂಥ ಬಿಸಿಲು. ಪಡುವಣ ಗೇಟಿನ ಆಚೆಯಿಂದ ವಕೀಲರ ಮನೆಯ ಕೆಲಸದ ಹೆಂಗಸು ಕಂಬಿ ಹಿಡಿದು ಕೂಗುತ್ತಿದ್ದಳು. "ದುರುಗವ್ವಾ! ಲಗೂನ ಬಾ! ಶಾರದವ್ವಗ ನೋವು ಹತ್ಯಾವ. ಕಾಲು ಕಾಣಸಾಕತ್ತೈತಿ!"

ಆಯಿ ಗಂಟು ನನ್ನ ಕೈಗೆ ಕೊಟ್ಟು ಗೇಟಿಗೆ ಓಡಿದಳು. ಬೀಗ. ಕಾಸಿಂಸಾಬ್ ಆಚೆ ಕಡೆ ಒದ್ದಾಡುತ್ತಿದ್ದ. "ಕೀಲಿಕೈ ರಾಯರ ಅಂಗಿ ಕಿಸೇದಾಗೈತಿ. ರಾಯರು ಕಚೇರ್ಯಾಗದಾರ. ಡಾಕ್ಟರು ಸಿಂಧನೂರಿಗೆ ಹೋಗ್ಯಾರ. ನೀ ಸುತ್ತಿ ಬಾ ದುರುಗವ್ವಾ, ಓಡಿ ಬಾ."

ಆಯಿ ಹಳ್ಳದ ಕಡೆ ಒಮ್ಮೆ ನೋಡಿದಳು. ಗೇಟಿನ ಕಡೆ ಒಮ್ಮೆ ನೋಡಿದಳು. ನಂತರ ನಮ್ಮ ಗುಡಿಸಲಿಗೆ ಹೋಗಿ ಒರಳಿನ ಗುಂಡುಕಲ್ಲು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು.

ಕಾಸಿಂಸಾಬ್ ಕಂಬಿಗಳ ನಡುವೆ ಕೈ ಚಾಚಿದ. "ಬ್ಯಾಡಬೇ! ನನ್ನ ನೌಕರಿ ಹೋಗ್ತೈತಿ!"

"ನೀ ಅತ್ತಾಗ ತಿರುಗಿ ನಿಂದ್ರು. ನೋಡದಿದ್ದವಗ ನೌಕರಿ ಹೋಗಂಗಿಲ್ಲ."

ಅವನು ನಿಜವಾಗಿಯೂ ತಿರುಗಿ ನಿಂತ. ಆಯಿ ಬೀಗದ ಮೇಲೆ ಗುಂಡುಕಲ್ಲು ಹೊಡೆದಳು. ಒಂದು, ಎರಡು. ಕಲ್ಲು ಜಾರಿ ಅವಳ ಬೆರಳು ಜಜ್ಜಿತು. ಮೂರನೆಯದಕ್ಕೆ ಬೀಗದ ಕೊಂಡಿ ಬಾಗಿತು, ನಾಲ್ಕನೆಯದಕ್ಕೆ ಕಳಚಿ ಬಿತ್ತು. ಆ ಸದ್ದಿಗೆ ಕೇರಿಯವರೆಲ್ಲ ಹೊರಗೆ ಬಂದಿದ್ದರು. ಆಯಿ ಗೇಟು ದೂಡಿದಳು. ಚಮನ್ನಿನ ನಟ್ಟನಡುವಿನ ದಾರಿಯಲ್ಲಿ, ಬೆಂಚುಗಳ ಸಾಲಿನ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಹಿಂದೆ ನಾನು. ಮೂಡಣ ಗೇಟು ದಾಟಿ ವಕೀಲರ ಬಂಗಲೆ ಮುಟ್ಟಿದಾಗ ಕೆಲಸದ ಹೆಂಗಸು ರೂಢಿಯಂತೆ ಹಿತ್ತಿಲ ಕಡೆ ಹೊರಳಿದಳು. ಆಯಿ ಹೊರಳಲಿಲ್ಲ. ಎದುರಿನ ಮೆಟ್ಟಿಲು ಹತ್ತಿ ಎದುರಿನ ಬಾಗಿಲಲ್ಲೇ ಒಳಗೆ ಹೋದಳು.

ನಾನು ಜಗಲಿಯ ಮೇಲೆ ಕೂತೆ. ಒಳಗಿನಿಂದ ಶಾರದಾ ಕೂಗುವುದು ಕೇಳುತ್ತಿತ್ತು. ಅವಳ ತಾಯಿ ಕಮಲಾಬಾಯಿ ದೇವರ ಹೆಸರು ಹೇಳುತ್ತಿದ್ದರು. ಆಯಿಯ ದನಿ ಮಾತ್ರ ದನ ಕಟ್ಟುವಾಗಿನ ದನಿಯಂತೆ ಸಮನಾಗಿತ್ತು. "ಈಗ ಬ್ಯಾಡ ತಂಗಿ, ತಡಿ. ಉಸಿರು ತೊಗೋ. ಹಾಂ, ಈಗ ತಿಣುಕು." ಔಡಲೆಣ್ಣೆ ಕಾಯಿಸಿದ ವಾಸನೆ ಹೊರಗೆ ಬಂತು. ಆಮೇಲೆ ಎಲ್ಲ ದನಿಗಳೂ ನಿಂತವು. ಕೂಸಿನ ಅಳು ಕೇಳಲಿಲ್ಲ. ನಾನು ಕಿವಿ ಮುಚ್ಚಿಕೊಂಡೆ, ಮತ್ತೆ ತೆಗೆದೆ. ಫಟ್, ಫಟ್ ಎಂದು ತಟ್ಟುವ ಸದ್ದು. ಆಯಿ ಊದುವ ಸದ್ದು. ಮತ್ತೆ ತಟ್ಟುವ ಸದ್ದು. ಕೊನೆಗೆ ಬೆಕ್ಕಿನಮರಿ ಕೂಗಿದಂತೆ ಒಂದು ಎಳೆ. ನಂತರ ಇಡೀ ಬಂಗಲೆ ತುಂಬುವಂತೆ ಅಳು.

ಹೆಣ್ಣುಕೂಸು. ತಾಯಿ ಮಗು ಇಬ್ಬರೂ ಉಳಿದರು.

ರಾಯರು ಟಾಂಗಾದಿಂದ ಇಳಿಯುವಷ್ಟರಲ್ಲಿ ಆಯಿ ಕೈತೊಳೆದುಕೊಂಡು ಜಗಲಿಗೆ ಬಂದಿದ್ದಳು. ಕೂಸಿನ ಸುದ್ದಿಯೂ ಬೀಗದ ಸುದ್ದಿಯೂ ಅವರಿಗೆ ದಾರಿಯಲ್ಲೇ ತಲುಪಿತ್ತು. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ನಾನು ಕಂಡಿದ್ದೇನೆ, ಸುಳ್ಳು ಹೇಳಲಾರೆ. ಆದರೂ ಅವರು ವಕೀಲರು.

"ದುರುಗವ್ವಾ, ಕೂಸು ಉಳಿಸಿದಿ. ಅದು ಬ್ಯಾರೆ. ಸರಕಾರಿ ಕೀಲಿ ಒಡದಿ. ಅದು ಬ್ಯಾರೆ. ಎರಡೂ ಕೂಡಸಲಿಕ್ಕೆ ಬರಂಗಿಲ್ಲ. ಅಮೀನರಿಗೆ ತಿಳಸಬೇಕಾಗ್ತದ."

"ತಿಳಸ್ರಿ," ಅಂದಳು ಆಯಿ. ಜಜ್ಜಿದ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. "ನಾ ಇಲ್ಲೇ ಕೆಳಗ ಇರ್ತೀನಿ, ಎಲ್ಲಿ ಹೋಗಂಗಿಲ್ಲ. ಒಂದು ಮಾತು ಕೇಳ್ತೀನಿ ಹೇಳ್ರಿ. ನಾ ಸುತ್ತಿ ಬಂದಿದ್ರ ಈಗ ನೀವು ಯಾರಿಗೆ ತಿಳಸ್ತಿದ್ರಿ?"

ಆಗ ಒಳಬಾಗಿಲ ಪರದೆ ಸರಿಯಿತು. ಕಮಲಾಬಾಯಿ ಹೊರಗೆ ಬಂದರು. ಗಂಡನ ಎದುರು, ಹೊರಗಿನವರ ಮುಂದೆ ಆಕೆ ಮಾತಾಡಿದ್ದನ್ನು ಆ ಸಾಲಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ಕೀಲಿ ನಾ ಒಡಸೀನಿ," ಅಂದರು. "ಆಳು ಕಳಿಸಿ ಕರಸಿದಾಕಿ ನಾ. ಹ್ಯಾಂಗರೆ ಬಾ ಅಂದಾಕಿ ನಾ. ಅಮೀನರಿಗೆ ಹೇಳೂದಿದ್ರ ನನ್ನ ಹೆಸರು ಬರದು ಕೊಡ್ರಿ."

ರಾಯರು ಒಳಗೆ ಹೋದರು. ಅಮೀನರಿಗೆ ಯಾವ ಕಾಗದವೂ ಹೋಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಗೇಟಿಗೆ ಹೊಸ ಬೀಗ ಬಿದ್ದಿತ್ತು, ಮೊದಲಿನದಕ್ಕಿಂತ ದೊಡ್ಡದು.

ಬಾಣಂತಿಗೂ ಕೂಸಿಗೂ ನಲವತ್ತು ದಿನ ಎಣ್ಣೆ ತಿಕ್ಕಿ ನೀರೆರೆಯುವುದು ಸೂಲಗಿತ್ತಿಯ ಕೆಲಸ. ಆಯಿ ಬೆಳಿಗ್ಗೆ ಗಂಟು ಹಿಡಿದು ಪಡುವಣ ಗೇಟಿಗೆ ಬಂದಳು, ಬೀಗ ನೋಡಿದಳು, ಗೇಟಿನ ಎದುರು ನೆಲದ ಮೇಲೆ ಕೂತಳು. ಕೆಲಸದ ಹೆಂಗಸು ಕರೆಯಲು ಬಂದಾಗ ಹೇಳಿದಳು, "ನಾ ಬಂದೀನಲ್ಲ. ಇಲ್ಲೇ ಕುಂತೀನಿ. ಕೀಲಿ ತೆಗದ್ರ ಒಳಗ ಬರ್ತೀನಿ."

"ಸುತ್ತಿ ಬಾ ಅಂತಾರ."

"ಸುತ್ತೂದು ಮುಗೀತು."

ಮರುದಿನವೂ ಹಾಗೆಯೇ. ಅದರ ಮರುದಿನವೂ. ವಕೀಲರ ಮನೆಗಷ್ಟೇ ಅಲ್ಲ, ಸಾಲಿನ ಯಾವ ಮನೆಗೂ ಅವಳು ಹೋಗಲಿಲ್ಲ. ಬಂಗಲೆಗಳಿಂದ ಬರುತ್ತಿದ್ದ ಜೋಳ ನಿಂತಿತು. ನಮ್ಮ ಮನೆಯಲ್ಲಿ ರೊಟ್ಟಿ ಹೋಗಿ ಅಂಬಲಿ ಬಂತು, ಅಂಬಲಿಯೂ ದಿನದಿನಕ್ಕೆ ತೆಳ್ಳಗಾಯಿತು. ಅವ್ವ ಒಂದು ಸಂಜೆ ತಾಳಲಾರದೆ ಕೂಗಿದಳು. "ಅತ್ತಿ, ಆ ಹೊತ್ತಿನ್ಯಾಗ ಹಟ ಹಿಡಿದಿದ್ರ ಅವರ ಕಾಲಿಗೆ ಬೀಳ್ತಿದ್ರು. ಆಗ ಓಡಿ ಹೋದಿ. ಈಗ ಹಟ ಹಿಡಿದು ನಮ್ಮ ಹೊಟ್ಟಿ ಸುಡಾಕತ್ತಿ."

ಆಯಿ ನಿಧಾನವಾಗಿ ಹೇಳಿದಳು. "ಆ ಹೊತ್ತಿನ್ಯಾಗ ಹಿಡದಿದ್ರ ಒಂದು ಹುಡುಗಿ ಸಾಯ್ತಿತ್ತು. ಅದು ಹಟ ಅಲ್ಲವ್ವಾ, ಪಾಪ. ಈಗ ಯಾರೂ ಸಾಯಂಗಿಲ್ಲ. ಈಗ ಹಿಡೀತೀನಿ."

ನಾನು ನರ್ಸಾಗಿ ಇಪ್ಪತ್ತಾರು ವರ್ಷ ದುಡಿದೆ. ದೊಡ್ಡವರು ಕಲಿಸಿದ ಪಾಠ ಎಷ್ಟೋ ಮರೆತಿದ್ದೇನೆ. ಆ ಸಂಜೆಯ ಈ ಮಾತು ಮರೆತಿಲ್ಲ.

ಅಮೀನರ ಹೆಂಡತಿ ಹಮೀದಾ ಬೇಗಂ ಮಸ್ಕಿಯ ಕಡೆ ಹುಟ್ಟಿದವರು, ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದರು. ಅವರಿಗೆ ಆಗ ಏಳು ತಿಂಗಳು. ಮೊದಲಿನ ಮೂರು ಹೆರಿಗೆ ಆಯಿಯ ಕೈಯಲ್ಲೇ ಆಗಿದ್ದವು. ಎರಡನೆಯ ವಾರದ ಗುರುವಾರ ಸಂಜೆ, ಜನಾನಾ ಹೊತ್ತಿಗೆ, ಅವರು ಚಮನ್ನಿನ ಬೆಂಚುಗಳಿಗೆ ಹೋಗಲಿಲ್ಲ. ಪರದೆ ಕಟ್ಟಿದ ಟಾಂಗಾ ಹಳ್ಳ ಸುತ್ತಿ ಬಂದು ನಮ್ಮ ಕೇರಿಯ ಮುಂದೆ, ಪಡುವಣ ಗೇಟಿನ ಹೊರಗೆ ನಿಂತಿತು. ಬುರ್ಖಾದಲ್ಲಿ ಹೊಟ್ಟೆ ಹೊತ್ತು ಬೇಗಂ ಇಳಿದರು. ಹಿಂದೆ ಕಮಲಾಬಾಯಿ, ಎದೆಗೆ ಅವಚಿಕೊಂಡ ಕೂಸು. ಅವರ ಹಿಂದೆ ಇನ್ನೊಂದು ಟಾಂಗಾದಲ್ಲಿ ಡಾಕ್ಟರ ಹೆಂಡತಿ, ಸೇಠಜಿಯ ಸೊಸೆ.

ಬೇಗಂ ಆಯಿಯ ಪಕ್ಕ ನೆಲದ ಮೇಲೆ ಜಾಜಮು ಹಾಸಿಸಿ ಕೂತರು. "ಸುತ್ತಿ ಬರೂದು ಇಷ್ಟು ದೂರ ಐತಂತ ಇವತ್ತ ತಿಳೀತು ದುರುಗವ್ವಾ," ಅಂದರು.

"ಟಾಂಗಾದಾಗ ಬಂದ್ರೂ ದೂರ ಆತೇನ್ರಿ?"

"ಆತು."

ಕಮಲಾಬಾಯಿ ನಮ್ಮಿಂದ ಎರಡು ಮಾರು ದೂರ ಕೂತರು. ಮನೆಗೆ ಹೋಗಿ ಮೈತೊಳೆದುಕೊಂಡಿರಲೂಬಹುದು. ಇರಲಿ. ಬಂದು ಕೂತರಲ್ಲ, ಅದು ದೊಡ್ಡದು. ನಮ್ಮ ಕೇರಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು.

ಬಂಗಲೆ ಸಾಲಿನ ಹೆಂಗಸರು ಕೇರಿಯ ಮುಂದೆ ಬೀದಿಯಲ್ಲಿ ಕೂತಿದ್ದಾರೆ ಎಂಬ ಸುದ್ದಿ ಮೂಡಣ ಗೇಟಿಗೆ ಮುಟ್ಟಿತು. ಗಂಡಸರು ಅಲ್ಲಿ ಸೇರಿದರು. ಆದರೆ ಗುರುವಾರ ಸಂಜೆ ಗಂಡಸರು ಚಮನ್ನಿನೊಳಗೆ ಕಾಲಿಡುವಂತಿಲ್ಲ, ಅವರೇ ಮಾಡಿದ ಕಾಯಿದೆ! ಜನಾನಾ ಮುರಿದು ಬರಲು ಅಮೀನರಿಗೂ ಧೈರ್ಯವಿರಲಿಲ್ಲ, ಹಳ್ಳ ಸುತ್ತಿ ಕೇರಿಗೆ ಬರಲು ಮರ್ಯಾದೆ ಅಡ್ಡ ಬಂತು. ಕೊನೆಗೆ ಕಾವಲಿನವನೆಂದು ರಿಯಾಯಿತಿ ಇದ್ದ ಮುದುಕ ಕಾಸಿಂಸಾಬನೊಬ್ಬನೇ ಆ ಗೇಟಿನಿಂದ ಈ ಗೇಟಿಗೆ, ಈ ಗೇಟಿನಿಂದ ಆ ಗೇಟಿಗೆ ಓಡಾಡಿದ.

"ರಾಯರು ಕೇಳ್ತಾರ, ಮನೀಗೆ ಯಾವಾಗ ಬರ್ತೀರಂತ."

"ಈ ಗೇಟು ತೆಗದ ಮ್ಯಾಲ, ಚಮನ್ ಒಳಗಿಂದ ಬರ್ತೀನಂತ ಹೇಳು," ಅಂದರು ಕಮಲಾಬಾಯಿ.

ಕಾಸಿಂಸಾಬ್ ಹೋದ, ಏದುಸಿರು ಬಿಡುತ್ತ ಮತ್ತೆ ಬಂದ. "ಅಮೀನ್ ಸಾಹೇಬ್ರು ಅಂತಾರ, ಇದು ಶರೀಫರ ಮನಿ ಹೆಂಗಸರಿಗೆ ಶೋಭಾ ಅಲ್ಲಂತ."

"ಹೆರಿಗಿಗೆ ಇನ್ನ ಎರಡು ತಿಂಗಳೈತಿ," ಅಂದರು ಬೇಗಂ. "ದುರುಗವ್ವ ಇಲ್ಲೇ ಕುಂತಿದ್ರ ನಾನೂ ಇಲ್ಲೇ ಹಡೀತೀನಂತ ಹೇಳು ಅವರಿಗೆ."

ಹೆಂಗಸರೆಲ್ಲ ಹೋ ಎಂದು ನಕ್ಕರು. ಪರದೆಯವರು, ಮಡಿಯವರು, ಕೇರಿಯವರು ಒಂದೇ ಸಲ ನಕ್ಕದ್ದನ್ನು ಅವತ್ತು ನಾನು ಮೊದಲು ಕೇಳಿದೆ. ಆ ನಗು ಮೂಡಣ ಗೇಟಿಗೂ ಕೇಳಿರಬೇಕು. ಹೊತ್ತು ಮುಳುಗುವ ಮೊದಲು ಕಾಸಿಂಸಾಬ್ ಮೂರನೆಯ ಸಲ ಬಂದ. ಈ ಸಲ ಅವನ ಕೈಯಲ್ಲಿ ಕೀಲಿಕೈ ಇತ್ತು.

ಗೇಟು ತೆರೆಯಿತು. ಯಾರೂ ಮೊದಲು ಹೊಗಲಿಲ್ಲ. ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಎದ್ದು, ಮೊಣಕಾಲು ನೀವಿಕೊಂಡು, ನನ್ನ ಕೈಹಿಡಿದು ಒಳಗೆ ನಡೆದಳು.

"ಯಾವ ಕಲ್ಲು?" ಎಂದು ಮೆಲ್ಲಗೆ ಕೇಳಿದಳು.

ನಾನು ತೋರಿಸಿದೆ. "ಕುಂಡ್ರು," ಅಂದಳು. ನನಗೆ ಭಯ. ನನ್ನ ರಟ್ಟೆ ಹಿಡಿದು ಎತ್ತಿ ಕೂರಿಸಿದಳು, ತಾನೂ ಪಕ್ಕದಲ್ಲಿ ಕೂತಳು. ಕಮಲಾಬಾಯಿ ಹತ್ತಿರ ಬಂದರು. ಕೂಸನ್ನು ಆಯಿಯ ಮಡಿಲಿಗೆ ಹಾಕಿದರು. ಎರಡು ವಾರದಿಂದ ಸರಿಯಾಗಿ ಎಣ್ಣೆ ಕಾಣದ ಕೂಸಿನ ಮೈ ಒಣಗಿ ಹೊಟ್ಟು ಎದ್ದಿತ್ತು. "ಏನವ್ವಾ ಇದು, ಸೌತಿಕಾಯಿ ಸಿಪ್ಪಿ ಆದಂಗಾಗೈತಿ," ಎಂದು ಆಯಿ ಅಲ್ಲೇ, ಆ ಬೆಂಚಿನ ಮೇಲೇ ಗಂಟು ಬಿಚ್ಚಿ ಎಣ್ಣೆ ತಿಕ್ಕಲು ಶುರುಮಾಡಿದಳು.

ಪೂರ್ತಿ ಗೆದ್ದೆವೆಂದು ಹೇಳಲಾರೆ. ಗುರುವಾರಕ್ಕಷ್ಟೇ ಎಂದು ಮೊದಲು ಹೇಳಿದರು. ಆಯಿಯ ಕೆಲಸಕ್ಕೆ ದಿನವೂ ತೆರೆಯಬೇಕಾಯಿತು. ಮಳೆಗಾಲ ಬರುವಷ್ಟರಲ್ಲಿ ಬೀಗ ಹಾಕುವ ತಾಪತ್ರಯ ಯಾರಿಗೂ ಬೇಡವಾಯಿತು, ಹಲಗೆ ನೆನೆದು ಅಕ್ಷರ ಹೋಯಿತು. ಬಂಗಲೆಗಳಲ್ಲಿ ಆಯಿ ನಿಂತ ನೆಲಕ್ಕೆ ನೀರು ಹಾಕುವುದು ಮಾತ್ರ ಆಮೇಲೂ ನಡೆಯಿತು. ಅದರ ಜಗಳ ಆಡುವುದಕ್ಕೆ ಆಯಿ ಉಳಿಯಲಿಲ್ಲ. ಅದನ್ನು ನಾವು ಆಡಿದೆವು, ಇನ್ನೂ ಆಡುತ್ತಿದ್ದೇವೆ.

ನಿಜಾಮರ ರಾಜ್ಯ ಹೋಯಿತು. ಬಂಗಲೆಗಳು ಕಚೇರಿಗಳಾದವು, ಕಚೇರಿಗಳು ಬಿದ್ದು ಅಂಗಡಿಗಳಾದವು. ಚಮನ್ನಿನ ಮೇಲೆ ರಸ್ತೆ ಹಾಯಿತು. ಉಳಿದ ಚೂರಿನಲ್ಲಿ ನೀರಿನ ಟಾಕಿ ನಿಂತಿದೆ. ಹುಣಸೆಮರಗಳಲ್ಲಿ ಒಂದೂ ಇಲ್ಲ. ನನ್ನ ಮಗ, ಬ್ಯಾಂಕಿನಲ್ಲಿದ್ದಾನೆ, ಅದೇ ಸಾಲಿನಲ್ಲಿ ಮನೆ ಕಟ್ಟಿಸಿದ್ದಾನೆ. ಎದುರಿನ ಬಾಗಿಲ ಮೇಲೆ ಬುದ್ಧನ ಪಟ ಹಾಕಿದ್ದೇವೆ. ನಾನು ಈಗ ಬಂಗಲೆ ಮಂದಿ! ಮರ ಹೋದದ್ದಕ್ಕೆ ಅಳುವವರು ಬೇಕಾದಷ್ಟಿದ್ದಾರೆ, ಅಳಲಿ. ನನಗೆ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಈ ಓಣಿಯಲ್ಲಿ ಈಗ ಹದಿನೆಂಟು ಮನೆಗಳಿವೆ, ಎಲ್ಲರ ಮನೆಯ ಹೆಣ್ಣುಮಕ್ಕಳೂ ಓದಿದವರು, ಸ್ಕೂಟರ್ ಹೊಡೆಯುವವರು. ಹೋದ ವರ್ಷ ಮೂಲೆಮನೆಯವರು ಮನೆಗೆಲಸದ ಹುಡುಗಿಗೆ ಕಳ್ಳಿ ಎಂದು ಬೀದಿಯಲ್ಲಿ ಹೊಡೆದಾಗ ಹೊರಗೆ ಬಂದವಳು ಕೋಲೂರಿಕೊಂಡ ನಾನೊಬ್ಬಳೇ. ಉಳಿದ ಹದಿನಾರು ಮನೆಗಳ ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಪರದೆಯೊಳಗಿದ್ದವರು ಹೊರಗೆ ಬಂದು ನೆಲದ ಮೇಲೆ ಕೂತದ್ದನ್ನು ಕಂಡ ಕಣ್ಣಿಗೆ ಅದನ್ನು ನೋಡುವುದು ಕಷ್ಟ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ನಮ್ಮ ಬಡಾವಣೆಯ ಇತಿಹಾಸ ಬರೆಯುತ್ತಿದ್ದಾನಂತೆ, ಪುಸ್ತಕ ಮಾಡುತ್ತಾರಂತೆ. ಮರ್ಯಾದಸ್ಥ ಹುಡುಗ, ಕಾಲು ಮುಟ್ಟಿ ನಮಸ್ಕರಿಸಿದ.

"ಅಮ್ಮಾ, ಹಿಂದಕ ಇಲ್ಲಿ ಯಾರ‍್ಯಾರು ದೊಡ್ಡ ಮಂದಿ ಇದ್ರು, ಹೆಸರ ಹೇಳ್ರಿ. ಸಾಹೇಬ್ರು, ವಕೀಲ್ರು, ಡಾಕ್ಟರು..."

"ದುರುಗವ್ವ," ಅಂದೆ.

ಅವನು ಬರೆಯಲಿಲ್ಲ, ಪೆನ್ನು ಹಿಡಿದು ನೋಡಿದ. "ಅವರದು ಯಾವ ಬಂಗ್ಲೆ ಇತ್ರೀ?"

"ಎಲ್ಲಾ ಬಂಗ್ಲೇನೂ ಆಕೀವ ಇದ್ದು," ಅಂದೆ. "ಬರಕೋ."

ಅವನು ನಕ್ಕ. ನಾನು ನಗಲಿಲ್ಲ. ಅವನ ಮುಂದಿದ್ದ ಚಹಾ ಆರಿತು. ಅವನು ಆ ಹೆಸರನ್ನು, ಮೊದಲನೆಯ ಸಾಲಿನಲ್ಲಿ, ನನ್ನ ಕಣ್ಣೆದುರಿಗೇ ಬರೆದುಕೊಳ್ಳುವ ತನಕ ನಾನು ಇನ್ನೊಂದು ಹೆಸರು ಹೇಳಲಿಲ್ಲ.